ತಾರೀಖಿಲ್ಲದ ಫೋಟೋಗಳು

ಜೂನ್ 3, ಮಂಗಳವಾರ

ಇವರು ನಿನ್ನೆ ಬೆಳಿಗ್ಗೆ ಹೊರಟರು. ಹೊಳೆಗೆ ಸೇತುವೆ ಕಟ್ಟುವ ಕೆಲಸ, ಮುಗಿಯಲು ಮೂರು ತಿಂಗಳಾದರೂ ಬೇಕಂತೆ. ನಮ್ಮ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಇನ್ನು ಇವರ ಮನೆಯಲ್ಲಿ ನಾನು ಮತ್ತು ಇವರ ಮಗಳು, ಇಬ್ಬರೇ. ಬಾಗಿಲಲ್ಲಿ ನಿಂತು "ಇಬ್ರೂ ಹೊಂದ್ಕೊಂಡು ಇರಿ" ಅಂದರು. ಒಂದೇ ಕಪಾಟಿನಲ್ಲಿ ತುರುಕಿದ ಎರಡು ಪಾತ್ರೆಗಳಿಗೆ ಹೇಳಿದ ಹಾಗಿತ್ತು.

ಹುಡುಗಿಗೆ ಹದಿನಾಲ್ಕು. ತಾಯಿ ತೀರಿಕೊಂಡಾಗ ಹತ್ತು. ಎದುರು ಮಾತಾಡುವವಳಲ್ಲ, ಮುಖ ಊದಿಸಿಕೊಳ್ಳುವವಳಲ್ಲ. ಬೈಯೋಣವೆಂದರೆ ಒಂದು ನೆಪವನ್ನೂ ಕೊಡುವುದಿಲ್ಲ. ಇವತ್ತು ಊಟಕ್ಕೆ ಕರೆದೆ.

"ನೀವು ಮಾಡಿ. ನಾನು ಆಮೇಲೆ ಮಾಡ್ತೀನಿ."

"ಬಿಸಿ ಇದೆ, ಬಾರೇ."

"ಪರವಾಗಿಲ್ಲ. ನೀವು ಕಾಯ್ಬೇಡಿ."

ಇವತ್ತಿನ ಮಾತುಕತೆ ಅಷ್ಟೇ. ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ದಿನವಿಡೀ "ಉಸಿರು ಬಿಗಿ ಹಿಡೀರಿ, ಈಗ ಬಿಡಿ" ಅನ್ನುತ್ತಿರುತ್ತೇನೆ. ಮನೆಗೆ ಬಂದರೆ ನಾನೇ ಬಿಗಿ ಹಿಡಿಯುತ್ತೇನೆ, ಬಿಡಿ ಅನ್ನುವವರಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ಜೂನ್ 9, ಸೋಮವಾರ

ಶಾಲೆಯಿಂದ ಬಂದವಳೇ ಕೋಣೆ ಸೇರುತ್ತಾಳೆ. ಅಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, ಹೊಟ್ಟೆಯೊಳಗೆ ಕಟಕಟ ಸದ್ದು ಮಾಡುತ್ತದೆ. ಬಾಗಿಲು ಮುಚ್ಚಿ ಅದರ ಮುಂದೆ ಕೂರುತ್ತಾಳೆ. ಆಟವಾಡುತ್ತಾಳೋ ಏನೋ. ಕಣ್ಣು ಹಾಳಾಗುತ್ತದೆ ಅನ್ನಬೇಕೆನಿಸಿತು. ಹೇಳಲು ನಾನು ಯಾರು ಅಂತ ಸುಮ್ಮನಾದೆ.

ಜೂನ್ 17, ಮಂಗಳವಾರ

ನಿನ್ನೆಯಿಂದ ಹುಡುಗಿ ಸರಿಯಾಗಿ ಊಟ ಮಾಡಿಲ್ಲ. ಮೈ ಮುಟ್ಟಿ ನೋಡಿದೆ, ಜ್ವರವಿಲ್ಲ. ಇವತ್ತು ಬಾಗಿಲು ಅರ್ಧ ತೆರೆದಿತ್ತು. ಕಂಪ್ಯೂಟರಿನ ಪರದೆ ಕಪ್ಪಗಿತ್ತು. ಅವಳು ಅದರ ಮುಂದೆಯೇ ಕೂತಿದ್ದಳು, ಈಗ ಬರ್ತೀನಿ ಅಂತ ಎದ್ದು ಹೋದವರನ್ನು ಕಾಯುವವರ ಹಾಗೆ.

"ಕೆಟ್ಟೋಯ್ತಾ?"

"ಹ್ಞೂಂ."

"ಬೇರೆ ತಗೊಂಡ್ರಾಯ್ತು ಬಿಡು."

ಅವಳು ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ಭಾಷೆ ಬಾರದವರನ್ನು ನೋಡುವ ನೋಟ.

"ಅಮ್ಮನ ಫೋಟೋ ಎಲ್ಲಾ ಇದರಲ್ಲೇ ಇರೋದು" ಅಂದಳು.

"ಬೇರೆ ಎಲ್ಲೂ ಇಲ್ವಾ?"

"ಇಲ್ಲ."

ಫೋನ್ ಮಾಡಿ ಇವರನ್ನು ಕೇಳಿದೆ. "ಅದೆಲ್ಲ ಅವಳೇ ನೋಡ್ಕೋತಿದ್ಲು, ನಂಗೇನು ಗೊತ್ತು?" ಅಂದರು. ಆಮೇಲೆ "ಏನಾದ್ರೂ ಮಾಡಕ್ಕಾಗತ್ತಾ ನೋಡು" ಅಂದರು.

ಜೂನ್ 19, ಗುರುವಾರ

ರಜೆ ಹಾಕಿ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಒಯ್ದೆ. ಹುಡುಗಿ ಶಾಲೆ ತಪ್ಪಿಸಿ ನನ್ನ ಜೊತೆಗೇ ಬಂದಳು, ನಾನೂ ಬೇಡವೆನ್ನಲಿಲ್ಲ. ಡಬ್ಬವನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ರಿಪೇರಿಯವನು ಅದನ್ನು ಬಿಚ್ಚಿ, ಕಿವಿ ಹಚ್ಚಿ ಕೇಳಿ, ತುಟಿ ಉಬ್ಬಿಸಿದ. "ಡಿಸ್ಕ್ ಹೋಗಿದೆ. ಈಗ್ಲೇ ಏನೂ ಹೇಳಕ್ಕಾಗಲ್ಲ. ನಮ್ಮ ಕೈಲಾದ್ದು ಮಾಡ್ತೀವಿ."

ಇದೇ ಮಾತನ್ನು ನಮ್ಮ ಡಾಕ್ಟರುಗಳ ಬಾಯಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಹೇಳಿಸಿಕೊಂಡವರ ಬೆಂಚಿನ ಮೇಲೆ ಕೂತದ್ದು ಮಾತ್ರ ಇವತ್ತೇ.

"ಎಷ್ಟು ದಿನ ಆಗತ್ತೆ?" ಅಂತ ಹುಡುಗಿ ಕೇಳಿದಳು.

"ಒಂದು ವಾರದಲ್ಲಿ ನಾನೇ ಫೋನ್ ಮಾಡ್ತೀನಮ್ಮಾ."

ಹೊರಗೆ ಬಂದ ಮೇಲೆ ಅವಳಿಗೊಂದು ಐಸ್ ಕ್ರೀಮ್ ಕೊಡಿಸಿದೆ. ತಿಂದಳು. ಏನು ಹೇಳುವುದೆಂದು ತಿಳಿಯದೆ ನಾನೂ ಒಂದು ತಿಂದೆ.

ಜೂನ್ 24, ಮಂಗಳವಾರ

ಇನ್ನೂ ಫೋನ್ ಬಂದಿಲ್ಲ. ಹುಡುಗಿ ಇವತ್ತು ನನ್ನ ಜೊತೆಗೇ ಊಟಕ್ಕೆ ಕೂತಳು. ಕೋಣೆಯಲ್ಲಿ ಮಾಡಲು ಏನೂ ಇಲ್ಲವಲ್ಲ.

ಜೂನ್ 28, ಶನಿವಾರ

ಸಿಕ್ಕಿದೆ! ಬಹುಪಾಲು ಸಿಕ್ಕಿದೆ. ಆದರೆ ಒಡೆದ ಮಡಕೆಯ ಚೂರು ಸಿಕ್ಕ ಹಾಗೆ. ಸಾವಿರಾರು ಫೋಟೋ, ಒಂದೇ ರಾಶಿ. ಹೆಸರುಗಳು ಹೋಗಿವೆ, ಫೋಲ್ಡರುಗಳು ಹೋಗಿವೆ, ಒಂದೊಂದು ಚಿತ್ರ ನಾಲ್ಕು ನಾಲ್ಕು ಸಲ ಇದೆ. ಅವಳ ಅಮ್ಮನ ಕ್ಯಾಮೆರಾದ ಗಡಿಯಾರವನ್ನು ಯಾರೂ ಸರಿ ಮಾಡಿರಲಿಲ್ಲವಂತೆ; ಹಾಗಾಗಿ ಅದು ಬರೆದ ತಾರೀಖುಗಳೂ ಬರೀ ಸುಳ್ಳು. ಹುಡುಗಿ ಹುಟ್ಟಿದ್ದು, ನಡೆದದ್ದು, ಶಾಲೆಗೆ ಹೋದದ್ದು ಎಲ್ಲ ಅದರ ಪ್ರಕಾರ ಒಂದೇ ಜನವರಿಯಲ್ಲಿ ಆಗಿಹೋಗಿದೆ.

"ಎರಡು ಡಿಸ್ಕಿಗೆ ಹಾಕಿದೀನಿ. ಒಂದು ಮನೇಲಿಡಿ, ಇನ್ನೊಂದು ಮನೆ ಬಿಟ್ಟು ಬೇರೆ ಕಡೆ ಇಡಿ. ಎರಡನ್ನೂ ಒಂದೇ ಬೀರುವಲ್ಲಿಟ್ಟು ಆಮೇಲೆ ನನ್ನ ಮುಂದೆ ಅಳ್ಬೇಡಿ" ಅಂದ ರಿಪೇರಿಯವನು. ಎರಡನೆಯದನ್ನು ಆಸ್ಪತ್ರೆಯ ನನ್ನ ಲಾಕರಿನಲ್ಲಿಡುವುದು ಅಂತಾಯಿತು. ಬೀಗದ ಕೈ ಒಂದನ್ನು ಹುಡುಗಿಯೇ ಕೇಳಿ ಇಸಿದುಕೊಂಡಳು. ಅಪ್ಪನ ಹಾಗೆ ಸುಲಭಕ್ಕೆ ನಂಬುವವಳಲ್ಲ, ಜಾಣೆ.

ಜುಲೈ 6, ಭಾನುವಾರ

ನನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟಿದ್ದೇವೆ. ಮೂರು ದಿನ ಹುಡುಗಿ ಒಬ್ಬಳೇ ಒದ್ದಾಡಿದಳು. ನಾನು ತರಕಾರಿ ಹೆಚ್ಚುತ್ತಾ ದೂರದಿಂದ ನೋಡುತ್ತಿದ್ದೆ. ಇವತ್ತು ತಡೆಯಲಾಗಲಿಲ್ಲ.

"ಅದು ಐದನೇ ವರ್ಷದ್ದಲ್ಲ, ಏಳನೇದು" ಅಂದೆ.

"ನಿಮಗೆ ಹೇಗೆ ಗೊತ್ತು? ನೀವಾಗ ಇರ್ಲೇ ಇಲ್ಲ."

"ಹಲ್ಲು ನೋಡು. ಮುಂದಿನೆರಡು ದೊಡ್ಡ ಹಲ್ಲು ಅರ್ಧ ಇಳಿದಿದೆ. ಐದಕ್ಕೆಲ್ಲ ಹಾಗೆ ಬರಲ್ಲ."

ಅವಳು ಪರದೆಗೆ ಮೂಗು ತಾಗಿಸಿ ನೋಡಿದಳು. ಆಮೇಲೆ ಕುರ್ಚಿಯನ್ನು ಸ್ವಲ್ಪ ಸರಿಸಿದಳು. ನಾನು ಕೈ ಒರೆಸಿಕೊಂಡು ಕೂತೆ.

ಸಂಜೆಯವರೆಗೆ ಅದೇ ಕೆಲಸ. ಬಿದ್ದ ಹಲ್ಲು, ಬಂದ ಹಲ್ಲು, ಕತ್ತರಿಸಿದ ಕೂದಲು, ಬದಲಾದ ಕಿಟಕಿ ಪರದೆ, ಹಿಂದೆ ನಿಂತ ಇವರ ಹೊಟ್ಟೆಯ ಸುತ್ತಳತೆ. "ಅಪ್ಪನ ಹೊಟ್ಟೆ ಕ್ಯಾಲೆಂಡರ್ ಇದ್ದ ಹಾಗೆ" ಅಂದಳು ಹುಡುಗಿ. ನಗು ಬಂತು. ಪ್ರತಿಯೊಂದಕ್ಕೂ ವರ್ಷ ಮೊದಲು, ತಿಂಗಳು ಆಮೇಲೆ ಹಾಕಿ ಹೆಸರಿಡುವುದು ಅಂತ ನಾನು ಹೇಳಿದೆ. ಎಕ್ಸ್-ರೇಗಳಿಗೆ ಹಾಗೇ ಮಾಡುವುದು, ಆಗ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

"ಅಮ್ಮ ಹಾಗೆ ಇಡ್ತಿರ್ಲಿಲ್ಲ. 'ಹಲ್ಲಿಲ್ಲದ ರಾಣಿ' ಅಂತ ಒಂದು ಫೋಲ್ಡರಿತ್ತು. 'ಅಪ್ಪ ದಾರಿ ತಪ್ಪಿಸಿದ ಪ್ರವಾಸ' ಅಂತ ಇನ್ನೊಂದು."

ಹಾಗಾದರೆ ಎರಡನ್ನೂ ಸೇರಿಸಿ ಇಡೋಣ ಅಂದೆ. ತಾರೀಖು ನನ್ನದು, ತಮಾಷೆ ಅವರದು. ಇವರ ಮೊದಲ ಹೆಂಡತಿ ಹೀಗೆ ನಗಿಸುವವರು ಅಂತ ಯಾರೂ ನನಗೆ ಹೇಳಿರಲಿಲ್ಲ. ತುಂಬ ಒಳ್ಳೆಯವರು ಅಂತ ಮಾತ್ರ ಎಲ್ಲರೂ ಹೇಳಿದ್ದರು.

ಜುಲೈ 13, ಭಾನುವಾರ

ಇವತ್ತಿನದು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹುಡುಗಿ ಗೆಳತಿಯ ಮನೆಗೆ ಹೋಗಿದ್ದಳು. ಸಹಾಯವಾಗಲಿ ಅಂತ ನಾನು ರಾಶಿಯನ್ನು ಹಗುರ ಮಾಡಲು ಕೂತೆ. ಎರಡೆರಡು ಇದ್ದವನ್ನು ಅಳಿಸಿದೆ. ಅಲ್ಲಾಡಿದವು, ಕತ್ತಲೆಯವು, ಮೂಲೆಯಲ್ಲಿ ಬೆರಳು ಅಡ್ಡ ಬಂದವು, ಎಲ್ಲವನ್ನೂ ಅಳಿಸಿದೆ. ನಮ್ಮ ಎಕ್ಸ್-ರೇ ಕೋಣೆಯಲ್ಲಿ ಅಂಥ ಚಿತ್ರ ಬಂದರೆ ಕ್ಷಣ ಯೋಚಿಸದೆ ಎಸೆದು ಇನ್ನೊಂದು ತೆಗೆಯುತ್ತೇವೆ.

ಅವಳು ಬಂದು ನೋಡಿದಳು. ಹುಡುಕಿದಳು. ಮತ್ತೆ ಹುಡುಕಿದಳು.

"ಬೆರಳಿದ್ದ ಫೋಟೋ ಎಲ್ಲಿ?"

"ಅದು ಕೆಟ್ಟಿತ್ತಲ್ಲ..."

"ಯಾರು ಹೇಳಿದ್ರು ನಿಮಗೆ? ಯಾರು ಅಳಿಸಿ ಅಂದ್ರು?" ಕಿರುಚಿದಳು. ಆ ಹುಡುಗಿಯ ಗಂಟಲಲ್ಲಿ ಅಷ್ಟು ದೊಡ್ಡ ದನಿಯಿದೆ ಅಂತ ನನಗೆ ಗೊತ್ತಿರಲಿಲ್ಲ. "ಫೋಟೋ ಎಲ್ಲಾ ತೆಗೀತಿದ್ದಿದ್ದು ಅಮ್ಮ! ಒಂದೆರಡು ಬಿಟ್ರೆ ಅಮ್ಮ ಎಲ್ಲಿರ್ತಾಳೆ ಅದರಲ್ಲಿ? ಆ ಬೆರಳೇ ಅಮ್ಮ! ನಿಮಗೇನು ಗೊತ್ತು?"

ಬಾಗಿಲು ಬಡಿದುಕೊಂಡಿತು. ಗೋಡೆ ಗಡಿಯಾರ ಓರೆಯಾಯಿತು. ಸರಿ ಮಾಡಿ ನಿಲ್ಲಿಸಿದೆ, ಆಮೇಲೆ ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ. ಕಾವಲಿನವನು "ಇವತ್ತು ನಿಮ್ಮ ಡ್ಯೂಟಿ ಇಲ್ವಲ್ಲ ಮೇಡಂ" ಅಂದ. ಲಾಕರಿನಿಂದ ಡಿಸ್ಕ್ ತಂದು, ಅಳಿಸಿದ್ದನ್ನೆಲ್ಲ ಒಂದೂ ಬಿಡದೆ ವಾಪಸ್ ಹಾಕಿದೆ. ಅಲ್ಲಾಡಿದವನ್ನೂ. ಪೂರ್ತಿ ಕಪ್ಪಗಿದ್ದ ಒಂದನ್ನೂ.

ಅವಳ ಬಾಗಿಲ ಹೊರಗಿನಿಂದಲೇ "ಎಲ್ಲಾ ಬಂದಿದೆ" ಅಂತ ಹೇಳಿದೆ.

ಜುಲೈ 14, ಸೋಮವಾರ

ಕೆಲಸದಿಂದ ಬಂದಾಗ ಲ್ಯಾಪ್‌ಟಾಪಿನಲ್ಲಿ ಹೊಸ ಫೋಲ್ಡರ್ ಒಂದಿತ್ತು. ಹೆಸರು "ಬೆರಳು". ತೆರೆದು ನೋಡಿದೆ. ಮೂಲೆಯಲ್ಲಿ ತೋರುಬೆರಳಿನ ತುದಿ, ಉಗುರಿನ ಪಕ್ಕ ಸುಟ್ಟ ಕಲೆ. ನೆಲದ ಮೇಲೆ ಉದ್ದನೆಯ ನೆರಳು, ಮೊಣಕೈ ಎತ್ತಿದೆ. ಅಂಗಡಿಯ ಗಾಜಿನಲ್ಲಿ ಕ್ಯಾಮೆರಾ ಹಿಡಿದ ಹೆಂಗಸು, ಮುಖದ ಜಾಗದಲ್ಲಿ ಬೆಳಕು. ಒಂದೊಂದನ್ನೂ ನಿಧಾನವಾಗಿ ನೋಡಿದೆ. ಗಡಿಬಿಡಿಯ ಹೆಂಗಸು. ಮಗು ನಕ್ಕ ಗಳಿಗೆ ತಪ್ಪಿಹೋಗುತ್ತದೆ ಅಂತ ಬೆರಳನ್ನೂ ಸರಿಸದೆ ಒತ್ತಿಬಿಟ್ಟಿದ್ದಾರೆ.

ಜುಲೈ 27, ಭಾನುವಾರ

ಕೊನೆಯ ವರ್ಷದ ಚಿತ್ರಗಳನ್ನು ಹುಡುಗಿ ದಾಟಿಸಿಕೊಂಡು ಹೋಗುತ್ತಿದ್ದಳು. ನಾನೂ ಒತ್ತಾಯ ಮಾಡಿರಲಿಲ್ಲ. ಇವತ್ತು ಮಧ್ಯಾಹ್ನ ಒಂದು ಚಿತ್ರದ ಮುಂದೆ ನಿಂತಳು.

"ಇದೇನು?"

ಕಿಟಕಿಯ ಬೆಳಕಿಗೆ ಹಿಡಿದ ಎದೆಯ ಎಕ್ಸ್-ರೇ. ಹಾಳೆಯ ಅಂಚಿನಲ್ಲಿ ಅದೇ ಬೆರಳು, ಅದೇ ಕಲೆ. ಇವಳ ಅಮ್ಮ ತನ್ನ ಎಕ್ಸ್-ರೇಯ ಫೋಟೋವನ್ನು ತಾನೇ ತೆಗೆದಿದ್ದಾಳೆ. ನನ್ನ ಕಣ್ಣು ಮೊದಲು ಹೋದದ್ದು ಗುರುತಿನ ಮೇಲೆ: ಬೇರೆ ಆಸ್ಪತ್ರೆಯದು, ನನ್ನ ಕೈಯ ಕೆಲಸವಲ್ಲ. ಯಾಕೋ ಹಗುರವಾಯಿತು, ಯಾಕೋ ಬೇಸರವೂ ಆಯಿತು.

ಹಾಳೆ ಏನು ಹೇಳುತ್ತದೆ ಅನ್ನುವುದನ್ನು ಬಾಯಿಬಿಡುವುದು ನನ್ನ ಕೆಲಸವಲ್ಲ. ರೋಗಿಗಳು ಕೇಳಿದರೆ "ಡಾಕ್ಟರು ಹೇಳ್ತಾರೆ" ಅನ್ನಬೇಕು. ಇಷ್ಟು ವರ್ಷ ಹಾಗೇ ಅನ್ನುತ್ತಾ ಬಂದಿದ್ದೇನೆ. ಆದರೆ ಇಲ್ಲಿ ಡಾಕ್ಟರು ಯಾರೂ ಇರಲಿಲ್ಲ.

"ಕಪ್ಪಗಿರೋದು ಗಾಳಿ" ಅಂದೆ. "ಬೆಳ್ಳಗಿರೋದು ಪಕ್ಕೆಲುಬು. ಇದು ಹೃದಯ, ನೋಡು, ಸ್ವಲ್ಪ ಓರೆ."

"ಇದು?"

"ಅಲ್ಲಿ ಕಪ್ಪಿರ್ಬೇಕಿತ್ತು."

ಅವಳು ಆ ಬಿಳಿ ಉಂಡೆಯ ಮೇಲೆ ಬೆರಳಿಟ್ಟಳು. ತುಂಬ ಹೊತ್ತು ತೆಗೆಯಲಿಲ್ಲ.

"ನಂಗೆ ಮೊದ್ಲು ಕೆಮ್ಮು ಬಂದಿತ್ತು" ಅಂದಳು. "ಅಮ್ಮ ನನ್ನ ಪಕ್ಕದಲ್ಲೇ ಮಲಗ್ತಿದ್ಲು. ಆಮೇಲೆ ಅಮ್ಮಂಗೂ ಬಂತು. ನಂದು ವಾಸಿಯಾಯ್ತು. ಅಮ್ಮನ್ದು ಆಗ್ಲಿಲ್ಲ."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ನಾಲ್ಕು ವರ್ಷ! ಇಷ್ಟು ಚಿಕ್ಕ ಜೀವ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಹೋಗಿದೆ, ಪರೀಕ್ಷೆ ಬರೆದಿದೆ, "ಪರವಾಗಿಲ್ಲ, ನೀವು ಕಾಯ್ಬೇಡಿ" ಅಂದಿದೆ.

"ನಿಂಗೆ ಕೆಮ್ಮು ಬಂದಿದ್ದು ಯಾವಾಗ?"

"ಶಾಲೆ ಶುರುವಾದ ವಾರ. ಹೊಸ ಬ್ಯಾಗ್ ತಂದಿದ್ವಿ."

ಚಿತ್ರವನ್ನು ದೊಡ್ಡದು ಮಾಡಿದೆ. ಎಕ್ಸ್-ರೇಯ ಮೂಲೆಯಲ್ಲಿ ತಾರೀಖು ಅಚ್ಚಾಗಿತ್ತು. ಆ ರಾಶಿಯಲ್ಲಿ ಸುಳ್ಳಲ್ಲದ ತಾರೀಖು ಅದೊಂದೇ. ಶಾಲೆ ಶುರುವಾಗಿ ಆಗಿನ್ನೂ ತಿಂಗಳೂ ಆಗಿರಲಿಲ್ಲ.

"ಇಲ್ಲಿ ಕೇಳು. ನಾನು ದಿನಾ ಇಂಥದ್ದು ನೋಡ್ತೀನಿ. ಗಡ್ಡೆ ಈ ಗಾತ್ರಕ್ಕೆ ಬೆಳೀಬೇಕಾದ್ರೆ ತಿಂಗಳುಗಟ್ಲೆ ಬೇಕು, ವರ್ಷಾನೂ ಹಿಡೀಬಹುದು. ನಿನಗೆ ಕೆಮ್ಮು ಬರೋ ಎಷ್ಟೋ ಮುಂಚಿಂದ ಇದು ಅಲ್ಲಿತ್ತು. ಮತ್ತೆ ಇದು ಅಂಟೋ ಕಾಯಿಲೆ ಅಲ್ಲವೇ ಅಲ್ಲ. ಯಾರಿಂದ್ಲೂ ಯಾರಿಗೂ ಬರಲ್ಲ."

"ನೀವು ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ಸಮಾಧಾನ ಮಾಡೋದು ನಂಗೆ ಬರಲ್ಲ. ನೋಡಿದೀಯಲ್ಲ."

"ಇನ್ನೊಂದ್ಸಲ ಹೇಳಿ."

ಹೇಳಿದೆ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಆಮೇಲೆ ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಬೆನ್ನ ಮೇಲೆ ಕೈ ಇಡಬೇಕೋ ಬೇಡವೋ ತಿಳಿಯಲಿಲ್ಲ. ಇಟ್ಟೆ. ಉಸಿರು ಎಳೆದು ಎಳೆದು ಬರುತ್ತಿತ್ತು, ನಿಧಾನಕ್ಕೆ ಸಮಕ್ಕೆ ಬಂತು. ಮಲಗಿಬಿಟ್ಟಿದ್ದಳು. ನನ್ನ ಕೈ ಜೋಮು ಹಿಡಿಯಿತು.

ಜುಲೈ 28, ಸೋಮವಾರ

ಇವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಆಮೇಲೆ ಮಗಳ ಜೊತೆ ಬಹಳ ಹೊತ್ತು ಮಾತಾಡಿದರು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹೊರಗೆ ಹೋದೆ.

ಆಗಸ್ಟ್ 9, ಶನಿವಾರ

ಡಿಸ್ಕಿನಲ್ಲಿದ್ದರೆ ಸಾಲದು, ಕೈಯಲ್ಲಿ ಹಿಡಿಯಲು ಬೇಕು ಅಂತ ಮಗಳು ಹಟ ಹಿಡಿದಳು. ಆಲ್ಬಮ್ಮಿಗೆ ಅಂತ ಆಯ್ದವನ್ನು ಪ್ರಿಂಟ್ ಹಾಕಿಸಲು ಹೋದೆವು.

ಅಂಗಡಿಯಾಕೆ ಮೊದಲ ಕಂತು ಕೊಟ್ಟಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಚಿತ್ರದ ಅಂಚು ಕತ್ತರಿಸಿಹೋಗಿ ಅರ್ಧ ಜನಕ್ಕೆ ನೆತ್ತಿಯೇ ಇಲ್ಲ. ಮಗುವನ್ನೆತ್ತಿಕೊಂಡು ನಿಂತ ಅಕ್ಕನ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬಂದಿತ್ತು.

"ಅಮ್ಮ ಇಷ್ಟು ಬೆಳ್ಳಗಿರ್ಲಿಲ್ಲ" ಅಂದಳು ಮಗಳು.

"ಮೆಷಿನ್ನೇ ತಿದ್ದತ್ತೆ. ಎಲ್ರಿಗೂ ಹಾಗೇ ಇಷ್ಟ" ಅಂದಳು ಅಂಗಡಿಯಾಕೆ.

ನನಗೆ ಎಲ್ಲಿತ್ತೋ ಸಿಟ್ಟು. "ಎಲ್ರಿಗೂ ಇಷ್ಟ ಅಂತ ಅವಳ ಬಣ್ಣ ಬದಲಾಯಿಸ್ತೀರಾ? ಮುಖ ಹೇಗಿತ್ತೋ ಹಾಗೆ ಬರ್ಬೇಕು. ಒಂದು ಕಪ್ಪು ಬಿಳಿಯಾದ್ರೆ ಅರ್ಥವೇ ಬೇರೆ ಆಗತ್ತೆ, ಗೊತ್ತಾ?" ಅಂತ ಶುರು ಮಾಡಿದೆ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ಅಯ್ಯೋ, ನೀನು ಸ್ವಲ್ಪ ಸುಮ್ನಿರು, ನಾನು ಹೇಳ್ತೀನಿ" ಅಂತ ಮಗಳು ನನ್ನ ತೋಳು ಹಿಡಿದು ಹಿಂದಕ್ಕೆಳೆದಳು. ಆಮೇಲೆ ಮೆತ್ತಗೆ, "ಆಂಟಿ, ಆ ತಿದ್ದೋ ಬಟನ್ ಆಫ್ ಮಾಡಿ. ಸುತ್ತ ಬಿಳಿ ಅಂಚು ಬಿಡಿ, ಆಗ ತಲೆ ಕತ್ತರಿಸಲ್ಲ" ಅಂದಳು. ಕೆಲಸ ಸಲೀಸಾಗಿ ಆಯಿತು. ನನಗೆ ಸ್ವಲ್ಪ ನಾಚಿಕೆ.

ಎರಡನೇ ಕಂತಿನಲ್ಲಿ ಅಕ್ಕನ ಬಣ್ಣ ಸರಿಯಾಗಿ ಬಂತು. ನನಗಿಂತ ಒಂದು ಛಾಯೆ ಹೆಚ್ಚೇ ಕಪ್ಪು, ಕಣ್ಣಿನ ಕೆಳಗೆ ಸಣ್ಣ ಮಚ್ಚೆ. ದಾರಿಯಲ್ಲಿ ಬಸ್ಸಿನ ಬೆಳಕಿಗೆ ಮತ್ತೆ ಮತ್ತೆ ತೆಗೆದು ನೋಡಿದೆವು.

ಆಗಸ್ಟ್ 17, ಭಾನುವಾರ

"ನಿನ್ನ ಚಿಕ್ಕಂದಿನ ಫೋಟೋ ಎಲ್ಲಿ?" ಅಂತ ಎರಡು ದಿನದಿಂದ ಒಂದೇ ವರಾತ. ನನ್ನ ಫೋನಿನಲ್ಲಿರುವುದು ಡ್ಯೂಟಿ ಪಟ್ಟಿ ಮತ್ತು ಕರೆಂಟ್ ಬಿಲ್ಲು. ಹಳೆಯವು ಅಣ್ಣನ ಮನೆಯ ಅಟ್ಟದಲ್ಲಿದ್ದವು. ಇವತ್ತು ಕರೆದುಕೊಂಡು ಹೋದೆ.

ಅಣ್ಣ ಏಣಿ ಹತ್ತಿ ಪೆಟ್ಟಿಗೆ ಇಳಿಸಿ, ತಲೆಯ ಧೂಳು ಕೊಡವಿಕೊಂಡು, "ಇವಳ ಮದುವೆಗೂ ಇಷ್ಟು ಕಷ್ಟ ಪಟ್ಟಿರ್ಲಿಲ್ಲ" ಅಂದ. ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಮಗಳು ಕಿಟಕಿಯ ಪಕ್ಕ ಬಿಳಿ ಬಟ್ಟೆ ಹಾಸಿ, ಒಂದೊಂದನ್ನೇ ಇಟ್ಟು, ಹೊಳಪು ಬೀಳದ ಹಾಗೆ ಓರೆ ಹಿಡಿದು ಫೋನಿನಲ್ಲಿ ತೆಗೆದಳು. ಎರಡು ಜಡೆಯ ನಾನು, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡ ನಾನು, ಅಪ್ಪನ ಹೆಗಲ ಮೇಲಿನ ನಾನು.

"ಎಲ್ಲದರಲ್ಲೂ ಕಣ್ಣು ಮುಚ್ಚಿದೀಯಲ್ಲ!" ಅಂದಳು. ನಿಜ. ಇಷ್ಟು ವರ್ಷ ನಾನೇ ಗಮನಿಸಿರಲಿಲ್ಲ.

ಆಗಸ್ಟ್ 24, ಭಾನುವಾರ

ನನ್ನವನ್ನು ಬೇರೆ ಫೋಲ್ಡರಿಗೆ ಹಾಕು ಅಂದೆ. ಮಗಳು ಕೇಳಲಿಲ್ಲ. "ವರ್ಷ ಮೊದಲು, ತಿಂಗಳು ಆಮೇಲೆ ಅಂತ ನೀನೇ ಹೇಳಿದ್ದು. ಬೇರೆ ಯಾಕೆ?" ಅಂತ ಎಲ್ಲವನ್ನೂ ಒಂದೇ ಸಾಲಿಗೆ ಬಿಟ್ಟಳು. ಅವು ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು. ನಾನು ಕೆಲಸದ ಮೊದಲ ದಿನ ಗಂಜಿ ಹಾಕಿದ ಬಿಳಿ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದೇನೆ; ಅದರ ಪಕ್ಕದಲ್ಲೇ ಅಕ್ಕ, ಏಳು ತಿಂಗಳ ಹೊಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು ಹಣ್ಣು ತಿನ್ನುತ್ತಿದ್ದಾಳೆ. ಒಂದೇ ವರ್ಷ, ಒಂದೇ ತಿಂಗಳು.

ಮಗಳು ಆ ಎರಡನ್ನೇ ನೋಡುತ್ತಿದ್ದಳು. "ಅಮ್ಮ ನಿನ್ನನ್ನ ನೋಡಿದ್ರೆ ಚೆನ್ನಾಗಿ ರೇಗಿಸ್ತಿದ್ಲು" ಅಂದಳು.

"ನಾನೂ ಬಿಡ್ತಿರ್ಲಿಲ್ಲ."

ಮೂರನೆಯ ಪ್ರತಿ ಮಾಡಿ ಅಣ್ಣನ ಮನೆಗೆ ಕಳಿಸಬೇಕು. ಡಿಸ್ಕ್ ತರಬೇಕು. ಅಕ್ಕಿ ಮುಗಿದಿದೆ.

ಸೆಪ್ಟೆಂಬರ್ 5, ಶುಕ್ರವಾರ

ಇವರು ಮಧ್ಯಾಹ್ನ ಬಂದರು. ಬಿಸಿಲಿಗೆ ಕಪ್ಪಾಗಿದ್ದಾರೆ, ಹೊಟ್ಟೆ ಇಳಿದಿದೆ. ಕೈಕಾಲು ತೊಳೆದು ಬಂದವರ ಮುಂದೆ ಮಗಳು ಆಲ್ಬಮ್ ಇಟ್ಟಳು. ಪುಟ ತಿರುಗಿಸುತ್ತಾ ನಕ್ಕರು. "ಅಪ್ಪ ದಾರಿ ತಪ್ಪಿಸಿದ ಪ್ರವಾಸ" ಅನ್ನುವ ಪುಟದಲ್ಲಿ ಬಹಳ ಹೊತ್ತು ನಿಂತರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ನಾನು ಚಹಾ ಅಲ್ಲೇ ಇಟ್ಟು ಅಡುಗೆಮನೆಗೆ ಬಂದೆ. ಸ್ವಲ್ಪ ಹೊತ್ತಿಗೆ ಇವರೂ ಬಂದು ಗೋಡೆಗೊರಗಿ ನಿಂತರು. ಏನೋ ಹೇಳಲು ಬಂದಿದ್ದರು. ಸೌಟು ತೆಗೆದುಕೊಂಡು ಪಾತ್ರೆ ಕಲಕತೊಡಗಿದರು.

ಅಷ್ಟರಲ್ಲಿ ಕೋಣೆಯಿಂದ ಕೂಗು.

"ನೀನು ಬರ್ತೀಯೋ ಇಲ್ವೋ? ಎಷ್ಟು ಸಲ ಕರೀಲಿ! ನೀನಿಲ್ದೆ ಇದು ಯಾವ ವರ್ಷದ್ದು ಅಂತ ಗೊತ್ತಾಗಲ್ಲ!"

ಇವರು ಗಕ್ಕನೆ ಸೌಟು ಕೆಳಗಿಟ್ಟು ಬಾಗಿಲ ತನಕ ಹೋದರು. "ಏಯ್, ಏನದು ನೀನು ಗೀನು ಅಂತ? ಯಾವಾಗ ಕಲಿತೆ ಇದನ್ನ? ಮರ್ಯಾದೆ ಕೊಟ್ಟು ಮಾತಾಡು!"

ಮಗಳು ಕೋಣೆಯಿಂದ ತಲೆ ಹೊರಗೆ ಹಾಕಿದಳು. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಇವರು ಯಾಕೆ ರೇಗಿದರೋ ನನಗೂ ಹೊಳೆಯಲಿಲ್ಲ.

"ಯಾರಿಗೆ?" ಅಂತ ಕೇಳಿದಳು.